ಗುಗ್ಗೆಯನ್ನು ಕಿವುಡೆಂದು ಬರೆದವರಿಗೆ

ಅರ್ಜಿ ಬರೆಯುವವರಿಗೆ ಪರವಾನಗಿ ಕೊಡುವ ಮತ್ತು ಕಿತ್ತುಕೊಳ್ಳುವ ಮಾನ್ಯ ಅಧಿಕಾರಿಗಳೇ,

ನನಗೆ ಕಿವಿ ಕೇಳಿಸುತ್ತದೆ. ಈ ಒಂದು ವಾಕ್ಯವನ್ನು ನಾಲ್ಕು ತಿಂಗಳಲ್ಲಿ ಮೂರು ಅರ್ಜಿಗಳಾಗಿ ತಮ್ಮ ಕಚೇರಿಗೆ ಬರೆದು ಕೊಟ್ಟಿದ್ದೇನೆ. ಮೂರಕ್ಕೂ ಒಂದೇ ಉತ್ತರ ಬಂದಿದೆ: ‘ಅರ್ಜಿದಾರರು ಎರಡೂ ಕಿವಿಗಳಿಂದ ಪೂರ್ಣ ಕಿವುಡರು, ಸದರಿ ಕಿವುಡು ಗುಣವಾಗತಕ್ಕದ್ದಲ್ಲ ಎಂದು ವೈದ್ಯಕೀಯ ಪ್ರಮಾಣಪತ್ರ ಇರುವುದರಿಂದ ಕೋರಿಕೆಯನ್ನು ಪರಿಶೀಲಿಸಲು ಅವಕಾಶವಿಲ್ಲ.’ ಹೋದ ವಾರ ಇನ್ನೊಂದು ಕಾಗದ ಬಂದಿದೆ. ಪರವಾನಗಿ ಇಲ್ಲದೆ ಅರ್ಜಿ ಬರೆದ ತಪ್ಪಿಗೆ ನನ್ನ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು ಎಂದು ಅದರಲ್ಲಿ ಕೇಳಿದ್ದೀರಿ. ಸಂತೋಷ. ಕಿವುಡನೆಂದು ತೀರ್ಮಾನಿಸಿದವನನ್ನು ತಾವು ಏನನ್ನಾದರೂ ಕೇಳಿದ್ದು ಇದೇ ಮೊದಲು. ಒಳಗೆ ಕೊಟ್ಟ ಕಾಗದ ಒಳಗೇ ಉಳಿಯುವುದನ್ನು ಬಹಳ ವರ್ಷ ನೋಡಿದವನು ನಾನು. ಆದ್ದರಿಂದ ಉತ್ತರವನ್ನು ಈ ಸಲ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ನನ್ನ ಹೆಸರು ಮಕ್ತುಮ್ ಸಾಬ್. ವಯಸ್ಸು ಅರವತ್ತೆರಡು. ಹರಿಹರದಲ್ಲಿ ಕಚೇರಿಯ ಜಗಲಿಯ ಮೇಲೆ ಒಂದು ಇಳಿಜಾರು ಮೇಜು, ಒಂದು ಮಸಿಕುಡಿಕೆ ಇಟ್ಟುಕೊಂಡು ಮೂವತ್ತೊಂದು ವರ್ಷ ಜನರ ಅರ್ಜಿಗಳನ್ನು ಬರೆದೆ. ಓದು ಬರಹ ಬಾರದವರು ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತು ಹೇಳುತ್ತಾರೆ, ನಾನು ಕೇಳಿಸಿಕೊಂಡು ತಮ್ಮಂಥವರಿಗೆ ಒಪ್ಪುವ ಕನ್ನಡದಲ್ಲಿ ಬರೆಯುತ್ತೇನೆ, ಓದಿ ಹೇಳುತ್ತೇನೆ, ಅವರು ಹೆಬ್ಬೆಟ್ಟು ಒತ್ತುತ್ತಾರೆ. ಕೆಲಸವೆಂದರೆ ಇಷ್ಟೇ. ಇದರಲ್ಲಿ ಬರೆಯುವುದು ಅರ್ಧ, ಕೇಳಿಸಿಕೊಳ್ಳುವುದು ಅರ್ಧ ಎಂಬುದು ಕಿವಿ ಹೋದ ಮೇಲೆ ನನಗೆ ತಿಳಿಯಿತು.

ಯಾವ ದಿನದಿಂದ ಕೇಳಿಸುವುದು ಕಡಿಮೆಯಾಯಿತೆಂದು ಹೇಳಲಾರೆ. ಮೂರು ವರ್ಷಗಳ ಹಿಂದಿರಬೇಕು, ಜನರೆಲ್ಲ ಯಾಕೋ ಬಾಯೊಳಗೇ ಮಾತಾಡತೊಡಗಿದ್ದಾರೆ ಎಂದು ನನಗೆ ಸಿಟ್ಟು ಬರುತ್ತಿತ್ತು. ನನ್ನ ಹೆಂಡತಿ ಖತೀಜಾಬೀ ಅಡಿಗೆಮನೆಯಿಂದ ಕರೆದರೆ ಓಗೊಡುತ್ತಿರಲಿಲ್ಲ. ಅವಳು ಎದುರಿಗೆ ಬಂದು ನಿಂತು ಕೇಳಿದರೆ ‘ಹೂಂ’ ಅನ್ನುತ್ತಿದ್ದೆ. ಏನು ಕೇಳಿದಳೆಂದು ತಿಳಿಯದೆಯೇ ಹೂಂ ಅನ್ನುತ್ತಿದ್ದೆ. ಮತ್ತೆ ಮತ್ತೆ ‘ಏನು’ ಎಂದು ಕೇಳುವುದಕ್ಕೆ ನಾಚಿಕೆ. ನನ್ನ ಮಾತು ಮಾತ್ರ ನನ್ನ ತಲೆಯೊಳಗೇ ಗುಂಯ್ ಎನ್ನುತ್ತಿತ್ತು. ರೊಟ್ಟಿ ಅಗಿದರೆ ಯಾರೋ ಜಲ್ಲಿ ತುಳಿದ ಹಾಗೆ ಕೇಳುತ್ತಿತ್ತು. ಹೊರಗಿನದೆಲ್ಲ ದೂರ. ದಾವಣಗೆರೆಯ ಪೇಟೆಗೆ ಹತ್ತಿ ತುಂಬಿದ ಅಂಡಿಗೆಗಳು ಬರುವುದನ್ನು ತಾವು ನೋಡಿರುತ್ತೀರಿ. ಅಂಥ ಒಂದು ಅಂಡಿಗೆಯೊಳಗೆ ನನ್ನನ್ನು ಇಟ್ಟು ಬಾಯಿ ಹೊಲಿದಂತಿತ್ತು.

ಸ್ನಾನವಾದ ಮೇಲೆ ಬೆಂಕಿಕಡ್ಡಿಯ ತುದಿಗೆ ಹತ್ತಿ ಸುತ್ತಿ ಕಿವಿಯೊಳಗೆ ತಿರುಗಿಸುವುದು ನನ್ನ ಇಪ್ಪತ್ತು ವರ್ಷದ ಅಭ್ಯಾಸ. ಕಿವಿ ಮಂದವಾದ ಮೇಲೆ ದಿನಕ್ಕೆ ಎರಡು ಸಲ ತಿರುಗಿಸಿದೆ. ಖತೀಜಾಬೀ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟಳು. ಶುಚಿಯಾಗುತ್ತಿದೆ ಎಂದುಕೊಂಡಿದ್ದೆ. ತೋಪಿಗೆ ಮದ್ದು ಜಡಿದ ಹಾಗೆ ಗುಗ್ಗೆಯನ್ನು ನಾನೇ ಒಳಕ್ಕೆ ಜಡಿಯುತ್ತಿದ್ದೆ ಎಂದು ತಿಳಿಸಿಕೊಡುವವರು ಆಗ ಯಾರೂ ಇರಲಿಲ್ಲ. ನಾನೂ ಯಾರನ್ನೂ ಕೇಳಲಿಲ್ಲ. ಕಿವಿ ಕೇಳದ ಅರ್ಜಿ ಬರಹಗಾರನ ಹತ್ತಿರ ಯಾರು ಬರುತ್ತಾರೆ? ಮುಚ್ಚಿಟ್ಟೆ. ಬಂದವರ ತುಟಿ ನೋಡಿ, ಮುಖ ನೋಡಿ, ಉಳಿದದ್ದನ್ನು ಊಹಿಸಿ ಬರೆಯತೊಡಗಿದೆ. ಮೂವತ್ತು ವರ್ಷದ ಅನುಭವವಿತ್ತಲ್ಲ, ಹತ್ತರಲ್ಲಿ ಒಂಬತ್ತು ಊಹೆ ಸರಿಯಾಗುತ್ತಿತ್ತು.

ಹತ್ತನೆಯದು ಕೊಕ್ಕನೂರಿನ ಸುಂಕಲಮ್ಮನ ಅರ್ಜಿ.

ಹೋದ ವರ್ಷದ ಬೇಸಿಗೆ. ಅವಳ ಗಂಡ ಉಜ್ಜನಪ್ಪ ಕ್ಷಯದ ಆಸ್ಪತ್ರೆಯಲ್ಲಿ ಎಂಟು ತಿಂಗಳಿಂದ ಇದ್ದ. ಅವಳು ಬಂದು ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಮಾತಾಡಿದಳು. ತುಟಿಯೂ ಕಾಣಲಿಲ್ಲ. ನನಗೆ ಸಿಕ್ಕಿದ್ದು ನಾಲ್ಕು ಮಾತು: ಗಂಡ, ಆಸ್ಪತ್ರೆ, ಮನೆ, ಕೂಸು. ಜೊತೆಗೆ ಅವಳ ಕಣ್ಣೀರು. ಅಳುವ ಹೆಂಡತಿ ಗಂಡನನ್ನು ಮನೆಗೆ ಕಳಿಸಿಕೊಡಿ ಎಂದಲ್ಲದೆ ಇನ್ನೇನು ಕೇಳುತ್ತಾಳೆ? ಹಾಗೆಂದೇ ಬರೆದೆ. ‘ಸದರಿ ರೋಗಿಯನ್ನು ಕೃಪೆಯಿಟ್ಟು ವಿಮುಕ್ತಿಗೊಳಿಸಿ ಕುಟುಂಬದ ವಶಕ್ಕೆ ಒಪ್ಪಿಸಬೇಕಾಗಿ ಪ್ರಾರ್ಥನೆ.’ ನಿಯಮದ ಪ್ರಕಾರ ಓದಿಯೂ ಹೇಳಿದೆ. ಆಕೆ ತಲೆಯಾಡಿಸಿದಳು. ಸಾಬರು ಇಷ್ಟು ದೊಡ್ಡ ಮಾತುಗಳಲ್ಲಿ ಓದುತ್ತಿದ್ದಾರೆ, ಸರಿಯೇ ಇರಬೇಕು ಎಂದುಕೊಂಡಿರಬಹುದು. ಅವಳು ಹೇಳಿದ್ದು ನನಗೆ ಕೇಳಿಸಿರಲಿಲ್ಲ, ನಾನು ಓದಿದ್ದು ಅವಳಿಗೆ ತಿಳಿದಿರಲಿಲ್ಲ. ಇಬ್ಬರೂ ತಲೆಯಾಡಿಸಿದೆವು. ಹೆಬ್ಬೆಟ್ಟು ಬಿತ್ತು.

ಮಳೆಗಾಲದ ಹೊಸ್ತಿಲಲ್ಲಿ ಅವಳು ಮತ್ತೆ ಬಂದಳು. ಈ ಸಲ ಕೂರಲಿಲ್ಲ, ನಿಂತುಕೊಂಡೇ ಕೂಗಿದಳು. ಜಗಲಿಯ ಮೇಲಿದ್ದವರೆಲ್ಲ ತಿರುಗಿ ನೋಡುವುದು ಕಂಡಿತು, ಮಾತು ತಿಳಿಯಲಿಲ್ಲ. ನನ್ನ ಪಕ್ಕದಲ್ಲಿ ಕೂತು ಅರ್ಜಿ ಬರೆಯುವ ಕೊಟ್ಟೂರಪ್ಪ ಒಳ್ಳೆಯ ಮನುಷ್ಯ. ನನ್ನ ಕಿವಿಯ ಸ್ಥಿತಿ ಅವನಿಗೆ ಗೊತ್ತಿತ್ತು, ಗೊತ್ತಿಲ್ಲದವನಂತೆ ಇದ್ದ. ಅವನು ಒಂದು ಹಾಳೆ ಎಳೆದುಕೊಂಡು ಅವಳು ಹೇಳಿದ್ದನ್ನು ಹಾಗೆಹಾಗೇ ಬರೆದು ನನ್ನ ಮೇಜಿನ ಮೇಲಿಟ್ಟ. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ.

“ಮನ್ಯಾಗ ಆರು ತಿಂಗ್ಳ ಕೂಸು ಐತಿ, ಒಂದೇ ಅಂಕಣದ ಮನಿ, ಪೂರಾ ಗುಣ ಆಗೋತನಕ ಅವ್ರನ್ನ ಅಲ್ಲೇ ಇಟ್ಕಳ್ಳಿ ಅಂತ ಬರೀರಿ ಅಂದಿದ್ದೆ ಸಾಬ್ರೇ. ಕಳಿಸ್ತೀವಿ ಅಂದ್ರೂ ಬ್ಯಾಡ ಅಂತ ಬರೀರಿ ಅಂದಿದ್ದೆ. ನಾ ಹೇಳಿದ್ದೇನು, ನೀವು ಬರದದ್ದೇನ್ರೀ?”

ಉಜ್ಜನಪ್ಪನನ್ನು ‘ಮನೆಯವರ ಕೋರಿಕೆಯ ಮೇರೆಗೆ’ ಬಿಟ್ಟು ಕಳಿಸಿದ್ದರು. ಮಗನ ಕೂಸಿಗೆ ರೋಗ ತಗಲೀತೆಂದು ಅವನು ಮನೆಯ ಹೊಸ್ತಿಲು ದಾಟಲಿಲ್ಲ, ಟ್ರಂಕು ಹೊತ್ತುಕೊಂಡು ನೇರ ಕಣದ ಗುಡಿಸಲಿಗೆ ಹೋದ. ಸೂಜಿಮದ್ದು ಅರ್ಧಕ್ಕೆ ನಿಂತಿತು. ಮಳೆ ಹಿಡಿದ ಮೇಲೆ ಕೆಮ್ಮು ತಿರುಗಿ ಬಂತು, ರಕ್ತವೂ ಬಂತು. ಸುಂಕಲಮ್ಮ ಆಸ್ಪತ್ರೆಗೆ ಓಡಿದರೆ ಅವನ ಮಂಚ ಬೇರೊಬ್ಬನಿಗೆ ಹೋಗಿತ್ತು.

ತಮ್ಮ ಕಚೇರಿಗೆ ಇದನ್ನು ತಿಳಿಸಿದವರು ಯಾರೆಂಬುದು ತಮ್ಮ ಕಡತದಲ್ಲಿ ಇದ್ದರೂ ಇರಬಹುದು, ಇಲ್ಲದಿದ್ದರೆ ಇಲ್ಲಿ ದಾಖಲಾಗಲಿ. ದೂರು ಕೊಟ್ಟವಳು ಸುಂಕಲಮ್ಮನಲ್ಲ. ನಾನೇ ಬರೆದುಕೊಟ್ಟೆ. ನನ್ನ ಕಿವಿ ಕೇಳಿಸುತ್ತಿಲ್ಲ, ಇಂಥ ತಪ್ಪಾಗಿದೆ, ನನ್ನನ್ನು ಪರೀಕ್ಷೆ ಮಾಡಿಸಿ ಎಂದು. ತಾವು ಆಗ ನನ್ನ ಪರವಾನಗಿ ಕಿತ್ತುಕೊಂಡದ್ದು ಸರಿಯಾಗಿಯೇ ಇತ್ತು. ಅದರ ಬಗ್ಗೆ ನನಗೆ ತಕರಾರಿಲ್ಲ.

ತಕರಾರು ಇರುವುದು ಪರೀಕ್ಷೆಯ ಬಗ್ಗೆ. ತಾವು ಗೊತ್ತುಮಾಡಿದ ವೈದ್ಯರು ನನ್ನನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದರು. ಹಿಂದಿನಿಂದ ಏನೋ ಹೇಳಿದರಂತೆ. ಮೇಜಿನ ಮೇಲಿನ ಗಂಟೆ ಬಾರಿಸಿದರಂತೆ. ನಾನು ಗೋಡೆ ನೋಡುತ್ತ ನಿಂತಿದ್ದೆ. ಸುಣ್ಣ ಒಂದು ಕಡೆ ಎದ್ದಿತ್ತು. ಎರಡು ನಿಮಿಷವೂ ಆಗಿರಲಿಕ್ಕಿಲ್ಲ, ಜವಾನ ಭುಜ ಮುಟ್ಟಿ ತಿರುಗಿಸಿದ. ಪ್ರಮಾಣಪತ್ರದ ಮಸಿ ಆಗಲೇ ಒಣಗುತ್ತಿತ್ತು. ವೈದ್ಯರ ಜೇಬಿನಲ್ಲಿ ಒಂದು ಪುಟ್ಟ ಬ್ಯಾಟರಿ ಇದ್ದದ್ದನ್ನು ನಾನು ನೋಡಿದೆ. ಅದನ್ನು ತೆಗೆದು ನನ್ನ ಕಿವಿಯೊಳಗೆ ಒಂದು ಸಲ ಬೆಳಕು ಬಿಟ್ಟಿದ್ದರೆ ಏನು ಕಳೆದುಹೋಗುತ್ತಿತ್ತು ಸ್ವಾಮಿ? ಮನೆಗೆ ಬೀಗ ಬಿದ್ದಿದೆಯೋ, ಒಳಗಿದ್ದವರು ಸತ್ತಿದ್ದಾರೋ ಎಂದು ಬಾಗಿಲು ಮುಟ್ಟಿ ನೋಡದೆ, ಸತ್ತರೆಂದು ಬೀದಿಯಲ್ಲೇ ನಿಂತು ಬರೆದುಬಿಡುವುದು ಯಾವ ಶಾಸ್ತ್ರ?

ಆಮೇಲಿನ ಮೂರು ತಿಂಗಳು ನಾನು ಮನೆಯಲ್ಲೇ ಉಳಿದೆ. ಬೀದಿಗೆ ಹೋದರೆ ಹಿಂದಿನಿಂದ ಬರುವ ಸೈಕಲ್ಲು ತಿಳಿಯುತ್ತಿರಲಿಲ್ಲ. ಒಂದು ಸಲ ಎತ್ತಿನ ಕೋಡು ಬೆನ್ನಿಗೆ ತಾಗಿದಾಗಲೇ ಗಾಡಿ ಬಂದದ್ದು ಗೊತ್ತಾಯಿತು. ಮಸೀದಿಯಲ್ಲಿ ಪಕ್ಕದವನ ಭುಜ ನೋಡಿಕೊಂಡು ಬಾಗುತ್ತಿದ್ದೆ, ಏಳುತ್ತಿದ್ದೆ. ಆಮೇಲೆ ಅದಕ್ಕೂ ಹೋಗಲಿಲ್ಲ. ಮನೆಗೆ ಬಂದವರು ಖತೀಜಾಬೀಯ ಹತ್ತಿರ ಮಾತಾಡಿ, ನನ್ನ ಕಡೆ ನೋಡಿ ನಕ್ಕು ಹೋಗುತ್ತಿದ್ದರು. ನಾನೂ ನಗುತ್ತಿದ್ದೆ. ಯಾವುದಕ್ಕೆ ನಕ್ಕೆನೋ ಗೊತ್ತಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಅವಳಿಗೆ. ನನಗೆ ಹೇಳುವುದನ್ನೆಲ್ಲ ಬೀದಿಗೆ ಕೇಳುವ ಹಾಗೆ ಕೂಗಬೇಕು. ಸಕ್ಕರೆ ಮುಗಿದದ್ದನ್ನು ಕೂಗಬಹುದು. ಮಗಳ ಕಾಗದ ಬಂದದ್ದನ್ನು ಕೂಗಬಹುದು. ತನಗೆ ಎದೆಯಲ್ಲಿ ಏನೋ ಚುಚ್ಚಿದ ಹಾಗಾಗುತ್ತದೆ, ಹೆದರಿಕೆಯಾಗುತ್ತದೆ ಎಂಬುದನ್ನು ಕೂಗುವುದು ಹೇಗೆ? ಕೂಗಲಿಲ್ಲ. ಅವಳು ನನ್ನೊಡನೆ ಮಾತು ಬಿಟ್ಟಳೆಂದಲ್ಲ. ಕೂಗಿ ಹೇಳಬಹುದಾದ ಮಾತುಗಳನ್ನಷ್ಟೇ ಆಡತೊಡಗಿದಳು. ಮೂವತ್ತೆಂಟು ವರ್ಷ ಜೊತೆಗಿದ್ದವರು ಒಂದೇ ಮನೆಯಲ್ಲಿ ಹೀಗೆ ಕೂತೆವು, ನಾನು ಒಂದು ಮೂಲೆಯಲ್ಲಿ, ಅವಳು ಒಂದು ಮೂಲೆಯಲ್ಲಿ. ಗುಣವಾಗತಕ್ಕದ್ದಲ್ಲ ಎಂದು ಸರ್ಕಾರದ ಕಾಗದದಲ್ಲಿ ಬರೆದಿತ್ತು. ಕಾಗದದಲ್ಲಿ ಬರೆದದ್ದನ್ನು ನಂಬುವುದೇ ನನ್ನ ಕಸುಬು. ನಂಬಿದೆ.

ನನ್ನ ಮಗಳು ಅಖ್ತರ್ ಬಾನು ದಾವಣಗೆರೆಯಲ್ಲಿದ್ದಾಳೆ. ಅವಳ ಚಿಕ್ಕ ಮಗಳಿಗೆ ಕಿವಿ ಸೋರುತ್ತಿತ್ತೆಂದು ನಾವು ಮೂವರೂ ಮಗುವನ್ನು ಎತ್ತಿಕೊಂಡು ಕೆ.ಬಿ. ಬಡಾವಣೆಯ ಒಬ್ಬ ಡಾಕ್ಟರಮ್ಮನ ಹತ್ತಿರ ಹೋದೆವು. ಆಕೆ ಹಣೆಗೆ ಕನ್ನಡಿ ಕಟ್ಟಿಕೊಂಡು ಮಗುವಿನ ಕಿವಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಏನೋ ಕೇಳಿದರು. ನಾನು ಎಂದಿನಂತೆ ಹೂಂ ಅಂದೆ. ಆಕೆ ನನ್ನ ಮಗಳ ಕಡೆ ನೋಡಿದರು, ಎದ್ದು ಬಂದರು, ಕೇಳದೆಯೇ ನನ್ನ ಕಿವಿ ಹಿಂದಕ್ಕೆಳೆದು ಬೆಳಕು ಬಿಟ್ಟರು. ಅಲ್ಲಿ ನಡೆದ ಮಾತನ್ನು ಮಗಳು ಆಮೇಲೆ ನನಗೆ ಹೇಳಿದಳು.

“ನಿಮ್ಮಪ್ಪಾರಿಗೆ ಮಗೂಗೆ ಏನು ವಯಸ್ಸು ಅಂತ ಕೇಳಿದೆ, ಹೂಂ ಅಂದ್ರು. ಎಷ್ಟು ದಿನದಿಂದ ಹಿಂಗದಾರೆ?”

“ಮೂರು ವರ್ಷ ಆತು ಡಾಕ್ಟ್ರೇ. ವಾಸಿ ಆಗಲ್ಲ ಅಂತ ಬರದು ಕೊಟ್ಟಾರೆ.”

“ಯಾರಮ್ಮ ಬರದು ಕೊಟ್ಟೋರು? ಕಿವಿ ಕಾಣಸ್ತಾನೇ ಇಲ್ಲ, ಬರೇ ಗುಗ್ಗೆ ಐತೆ. ಕಲ್ಲಾಗೈತೆ.”

ನಾಲ್ಕು ದಿನ ಹನಿಹನಿಯಾಗಿ ಮದ್ದು ಬಿಟ್ಟೆವು. ಐದನೆಯ ದಿನ ಡಾಕ್ಟರಮ್ಮ ಹಿತ್ತಾಳೆಯ ಪಿಚಕಾರಿಯಲ್ಲಿ ಉಗುರುಬೆಚ್ಚಗಿನ ನೀರು ತುಂಬಿ ಬಲಗಿವಿಗೆ ಬಿಟ್ಟರು. ಖತೀಜಾಬೀ ಕಿವಿಯ ಕೆಳಗೆ ತಟ್ಟೆ ಹಿಡಿದು ನಿಂತಿದ್ದಳು. ಮೊದಲು ತಲೆ ತಿರುಗಿತು. ಮೂರನೆಯ ಸಲ ಹುಣಸೆಬೀಜದಷ್ಟು ದೊಡ್ಡ, ಕಪ್ಪಗಿನ ಒಂದು ಗಟ್ಟಿ ತಟ್ಟೆಗೆ ಬಿತ್ತು. ಬಿದ್ದ ಸದ್ದು ನನಗೆ ಕೇಳಿಸಿತು, ಸ್ವಾಮಿ. ತಟ್ಟೆಯ ಮೇಲೆ ಟಕ್ ಎಂದು. ಆಮೇಲೆ ಖತೀಜಾಬೀಯ ಬಳೆ. ಆಮೇಲೆ ಹೊರಗೆ ಯಾರೋ ಬಾವಿಯಿಂದ ನೀರು ಸೇದುವ ರಾಟೆ. ಆಮೇಲೆ ಅವಳು ಎಂದಿನಂತೆ ನನ್ನ ಕಿವಿಗೆ ಬಾಯಿಟ್ಟು ಕೂಗಿದಳು:

“ಅಜೀ, ಕೇಳತೈತೇನ್ರೀ?”

“ಮೆಲ್ಲಗೆ ಮಾತಾಡು. ಕೇಳತೈತೆ.”

ಅವಳು ತಟ್ಟೆಯನ್ನು ಮೇಜಿನ ಮೇಲಿಟ್ಟು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಮನೆಗೆ ಬಂದ ಮೇಲೆ ಎದೆಯ ನೋವಿನ ವಿಷಯ ಹೇಳಿದಳು. ಅದನ್ನೂ ಅದೇ ಡಾಕ್ಟರಮ್ಮನಿಗೆ ತೋರಿಸಿದೆವು. ಈಗ ಮಾತ್ರೆ ತಗೊಳ್ಳುತ್ತಿದ್ದಾಳೆ.

ನಾನು ಪೂರ್ಣ ಗುಣವಾದೆನೆಂದು ಸುಳ್ಳು ಹೇಳುವುದಿಲ್ಲ. ಎಡಗಿವಿಯಿಂದಲೂ ಗುಗ್ಗೆ ಬಂತು, ಆದರೆ ಅಲ್ಲಿ ಕೇಳಿಸುವುದು ಅರ್ಧಕ್ಕೂ ಕಡಿಮೆ. ಅದು ವಯಸ್ಸಿನದು, ಒಳಗಿನ ನರದ್ದು, ಬರುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದರು. “ಯಜಮಾನ್ರೇ, ಬಲಗಡೆ ಕೂಡ್ರಿಸಿಕೊಂಡು ಮಾತಾಡಸ್ರಿ. ಕಡ್ಡಿ ಹಾಕಬ್ಯಾಡ್ರಿ. ಆರಾರು ತಿಂಗ್ಳಿಗೆ ಬಂದು ತೋರಿಸ್ರಿ.” ಇಷ್ಟೇ ಅವರ ತೀರ್ಪು. ನೋಡಿ ಕೊಟ್ಟ ತೀರ್ಪಾದ್ದರಿಂದ ನಾನು ಅದನ್ನು ಒಪ್ಪಿದ್ದೇನೆ. ಅವರು ಬರೆದುಕೊಟ್ಟ ಚೀಟಿಯನ್ನು ಹಿಡಿದುಕೊಂಡೇ, ಪರವಾನಗಿ ಮರಳಿ ಕೊಡಿ ಎಂದು ಕೇಳಲು ತಮ್ಮ ಕಚೇರಿಗೆ ಬಂದೆ.

ಆ ದಿನದ್ದು ತಮಗೆ ನೆನಪಿರಬಹುದು. ಗುಮಾಸ್ತರು ನನ್ನನ್ನು ಕಂಡೊಡನೆ ಒಂದು ಕಾಗದದ ಚೂರು ತೆಗೆದು ‘ಏನು ಬೇಕು’ ಎಂದು ಬರೆದರು.

“ಬರಿಯೋದು ಬ್ಯಾಡ್ರಿ, ಹೇಳ್ರಿ, ಕೇಳತೈತೆ” ಅಂದೆ.

ಅವರು ಅದರ ಕೆಳಗೆ ‘ಸಾಹೇಬರು ಕೆಲಸದಲ್ಲಿದ್ದಾರೆ’ ಎಂದು ಬರೆದರು. ಅರ್ಧ ಬಾಗಿಲ ಆಚೆಯಿಂದ ತಾವು, “ಆ ಕಿವುಡು ಸಾಬ ಮತ್ತೆ ಬಂದನೇನ್ರೀ?” ಎಂದು ಮೆಲ್ಲಗೆ ಕೇಳಿದಿರಿ.

“ಬಂದೀನಿ ಸ್ವಾಮಿ” ಎಂದು ನಾನೇ ಈಚೆಯಿಂದ ಹೇಳಿದೆ.

ಇದಕ್ಕಿಂತ ದೊಡ್ಡ ಪರೀಕ್ಷೆ ಯಾವ ವೈದ್ಯರು ಮಾಡಬಲ್ಲರು? ತಾವು ನನ್ನನ್ನು ಒಳಗೆ ಕರೆದು ಚೀಟಿ ನೋಡಿದಿರಿ, ಕಡತ ನೋಡಿದಿರಿ. ಆಮೇಲೆ ಹೇಳಿದಿರಿ: “ಗುಣವಾಗತಕ್ಕದ್ದಲ್ಲ ಅಂತ ಸರ್ಟಿಫಿಕೇಟ್ ಇದೆಯಲ್ರೀ. ಗುಣವಾಗದೇ ಇರೋದು ಗುಣ ಆಗೋದು ಹೆಂಗೆ? ಗುಣ ಆಗಿದೆ ಅಂತ ಬರೆದರೆ ಆ ಸರ್ಟಿಫಿಕೇಟ್ ಸುಳ್ಳು ಅಂತಾಗುತ್ತೆ. ದೊಡ್ಡ ಡಾಕ್ಟರು ಕೊಟ್ಟಿರೋದು.” ನನ್ನ ಪ್ರಶ್ನೆಗೆ ನಾನು ಉತ್ತರ ಕೇಳಿಸಿಕೊಂಡೆ, ತಮ್ಮ ಪ್ರಶ್ನೆಗೆ ಉತ್ತರ ಕೊಟ್ಟೆ, ಕಾಲು ಗಂಟೆ ಇಬ್ಬರೂ ಮಾತಾಡಿದೆವು. ಮಾತು ಮುಗಿದ ಮೇಲೆ ತಾವು ಕಡತದಲ್ಲಿ ಬರೆದದ್ದು, ಅರ್ಜಿದಾರ ಕಿವುಡನೆಂದು. ಕಿವಿಯೊಳಗಿನ ಗುಗ್ಗೆ ಬೆಚ್ಚಗಿನ ನೀರಿಗೆ ಹೊರಬಿತ್ತು. ಕಡತದೊಳಗಿನ ಗುಗ್ಗೆಗೆ ಯಾವ ಪಿಚಕಾರಿ ಹಿಡಿಯಬೇಕೋ ನನಗೆ ತಿಳಿಯದು.

ಇನ್ನು ತಾವು ಕೇಳಿದ ಪ್ರಶ್ನೆಗೆ ಬರುತ್ತೇನೆ. ಪರವಾನಗಿ ಇಲ್ಲದೆ ಅರ್ಜಿ ಬರೆದದ್ದು ನಿಜವೇ? ನಿಜ.

ಕಿವಿ ಬಂದ ಹತ್ತನೆಯ ದಿನ ನಾನು ಕೊಕ್ಕನೂರಿಗೆ ಹೋದೆ. ಸುಂಕಲಮ್ಮ ಕಣದ ಗುಡಿಸಲ ಹತ್ತಿರವೇ ಇದ್ದಳು. ನನ್ನನ್ನು ಕಂಡು ಬೈಯಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ. ಉಜ್ಜನಪ್ಪ ಒಳಗೆ ಕಂಬಳಿ ಹೊದ್ದು ಕೂತಿದ್ದ. ದೂರ ಕೂಡ್ರಿ ಎಂದು ಕೈಸನ್ನೆ ಮಾಡಿದ. ಅವನ ಎದೆ ಗೊರಗೊರ ಎನ್ನುವುದು ಗುಡಿಸಲ ಹೊರಗೆ ಕೂತ ನನಗೆ ಕೇಳಿಸುತ್ತಿತ್ತು. ಬೇಸಿಗೆಯಲ್ಲಿ ನಾನು ಕೇಳಿಸಿಕೊಂಡಿದ್ದರೆ ಆ ಸದ್ದು ಅಲ್ಲಿ ಇರುತ್ತಿರಲಿಲ್ಲ.

“ತಂಗೀ, ಮೊದಲಿಂದ ಹೇಳು. ನನ್ನ ಬಲಗಡೆ ಕೂತು ಹೇಳು” ಅಂದೆ.

“ಹೇಳಿದ್ರೆ ಕೇಳತೈತಾ ಸಾಬ್ರೇ ಈಗ?”

“ಕೇಳತೈತೆ.”

“ಬರದದ್ದು ನಂಗೆ ತಿಳಿಯಂಗೆ ಬರೀತೀರಾ?”

ಮೂವತ್ತೊಂದು ವರ್ಷದಲ್ಲಿ ಯಾರೂ ನನ್ನನ್ನು ಕೇಳದಿದ್ದ ಪ್ರಶ್ನೆ ಅದು. ಅವಳು ಹೇಳಿದಳು, ನಾನು ಅವಳ ಮಾತಿನಲ್ಲೇ ಬರೆದೆ. ಸದರಿ ಇಲ್ಲ, ವಿಮುಕ್ತಿ ಇಲ್ಲ, ಪ್ರಾರ್ಥನೆಯೂ ಇಲ್ಲ. ‘ಬರೆದವರ ತಪ್ಪಿನಿಂದ ನನ್ನ ಗಂಡನ್ನ ಮನೆಗೆ ಕಳಿಸಿದ್ರಿ. ಆತ ಕಣದಾಗ ಮಲಗ್ಯಾನೆ. ವಾಪಸ್ ಕರಕೊಳ್ರಿ, ಪೂರಾ ಗುಣ ಆಗೋತನಕ ಇಟ್ಕಳ್ರಿ.’ ಓದಿದೆ. ಅವಳು ಎರಡು ಕಡೆ ತಡೆದು ತಿದ್ದಿಸಿದಳು. ಆಮೇಲೆ ಹೆಬ್ಬೆಟ್ಟು ಒತ್ತಿದಳು. ಬರೆದವನು ಯಾರೆಂದು ತಿಳಿಸದ ಅರ್ಜಿ ನಡೆಯುವುದಿಲ್ಲವಾದ್ದರಿಂದ ಕೆಳಗೆ ನನ್ನ ಹೆಸರನ್ನೇ ಬರೆದೆ. ಕೊಟ್ಟೂರಪ್ಪನ ಕೈಯಲ್ಲಿ ಬರೆಸಬಹುದಿತ್ತು, ಅವನಿಗೆ ಪರವಾನಗಿ ಇತ್ತು. ಆದರೆ ಆ ಕಾಗದವನ್ನು ಕೆಡಿಸಿದವನು ನಾನು. ಸರಿಮಾಡುವುದನ್ನು ಇನ್ನೊಬ್ಬನ ಕೈಗೆ ಕೊಡಲು ಮನಸ್ಸಾಗಲಿಲ್ಲ. ಇದು ಹಟ ಎಂದು ತಾವು ಕರೆದರೆ ಒಪ್ಪುತ್ತೇನೆ.

ಆಸ್ಪತ್ರೆಯವರು ಸಂಕ್ರಾಂತಿಯಾದ ವಾರದಲ್ಲಿ ಉಜ್ಜನಪ್ಪನನ್ನು ಮತ್ತೆ ಸೇರಿಸಿಕೊಂಡರು. ಸೂಜಿಮದ್ದು ಮೊದಲಿನಿಂದ ಶುರುವಾಗಿದೆ. ಬದುಕುತ್ತಾನೆಂದು ಯಾರೂ ಬರೆದುಕೊಟ್ಟಿಲ್ಲ, ಸಾಯುತ್ತಾನೆಂದೂ ಬರೆದುಕೊಟ್ಟಿಲ್ಲ.

ತಮ್ಮ ನೋಟೀಸಿನ ಕೊನೆಯ ಸಾಲನ್ನು ನಾನು ನಾಲ್ಕು ಸಲ ಓದಿದೆ. ‘ಪರವಾನಗಿ ಇಲ್ಲದವರು ಬರೆದ ಸದರಿ ಅರ್ಜಿಯು ಅಸಿಂಧುವಾಗಿದ್ದು, ಅದರ ಮೇಲೆ ಕೈಗೊಂಡ ಕ್ರಮವನ್ನು ಪುನರ್ವಿಮರ್ಶಿಸಲು ಸಂಬಂಧಪಟ್ಟ ಆಸ್ಪತ್ರೆಗೆ ತಿಳಿಸಲಾಗುವುದು.’ ಮೂರು ದಶಕ ಇಂಥ ಕನ್ನಡವನ್ನೇ ಬರೆದವನು ನಾನು, ಇದರ ಅರ್ಥ ನನಗೆ ತಿಳಿಯುತ್ತದೆ. ಸುಂಕಲಮ್ಮನಿಗೆ ತಿಳಿಯುವ ಹಾಗೆ ಹೇಳುವುದಾದರೆ, ಉಜ್ಜನಪ್ಪನನ್ನು ಮಂಚದಿಂದ ಇಳಿಸಿ ಮತ್ತೆ ಕಣದ ಗುಡಿಸಲಿಗೆ ಕಳಿಸುತ್ತೇವೆ ಎಂದು. ಅವಳಿಗೆ ನಾನು ಇನ್ನೂ ಓದಿ ಹೇಳಿಲ್ಲ.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ ಹೀಗಿದೆ. ಪರವಾನಗಿಯನ್ನು ತಾವೇ ಇಟ್ಟುಕೊಳ್ಳಿ. ನಾನು ಇನ್ನು ಕೇಳುವುದಿಲ್ಲ. ನಿಯಮ ಮೀರಿದ್ದಕ್ಕೆ ಏನು ಶಿಕ್ಷೆ ಇದೆಯೋ ಕೊಡಿ, ಬಂದು ಅನುಭವಿಸುತ್ತೇನೆ. ಇನ್ನು ಮುಂದೆ ವಯಸ್ಸಾದವರೊಬ್ಬರನ್ನು ಕಿವುಡರೆಂದು ಬರೆಯುವ ಮೊದಲು ಕಿವಿಯೊಳಗೆ ಒಂದು ಸಲ ಬೆಳಕು ಬಿಟ್ಟು ನೋಡತಕ್ಕದ್ದು ಎಂದು ತಮ್ಮ ವೈದ್ಯರಿಗೆ ಒಂದು ಸಾಲು ಬರೆಯಿರಿ. ಆಸ್ಪತ್ರೆಗೆ ಬರೆಯಲಿರುವ ಆ ಕಾಗದವನ್ನು ಮಾತ್ರ ಬರೆಯಬೇಡಿ. ಬರೆದಾಗಿದ್ದರೆ ಕಳಿಸಬೇಡಿ. ಕಳಿಸಿಯಾಗಿದ್ದರೆ ಇವತ್ತೇ ತಂತಿ ಕೊಟ್ಟು ಹಿಂದಕ್ಕೆ ಪಡೆಯಿರಿ. ಅವನು ಅಲ್ಲಿ ಮಲಗಿರಲಿ.

ಇಂತಿ,
ತಮ್ಮ ಕಡತದಲ್ಲಿ ಕಿವುಡ, ಬಲಗಡೆ ಕೂತವರ ಮಾತನ್ನು ಮಾತ್ರ ಕೇಳಬಲ್ಲ,
ಮಕ್ತುಮ್ ಸಾಬ್
ಮಾಜಿ ಅರ್ಜಿ ಬರಹಗಾರ, ಹರಿಹರ
ಫೆಬ್ರವರಿ ೧೯೬೫